ಬಲಗಡೆ ಕೂತವರು ಹೇಳಬೇಕು

ದೊಡ್ಡಪ್ಪನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು, ಅದೂ ಹೆಬ್ಬೆರಳಿನ ಕೆಳಗೆ ಮಾತ್ರ. ಊಟದ ಮೇಜಿನ ಕೆಳಗೆ, ಸಾವಿನ ಮನೆಯ ಬೆಂಚಿನ ಮೇಲೆ, ಎಲ್ಲಿ ಕೂತರೂ ಆ ಕಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಆಕ್ಸಿಲರೇಟರು ಅಲ್ಲೇ ಎಲ್ಲೋ ಇದೆ, ಸಿಕ್ಕಿದರೆ ಹೊರಟೇಬಿಡುತ್ತೇನೆ ಅನ್ನುವ ಹಾಗೆ. ಬೈದು ಬೈದು ಸೋತ ದೊಡ್ಡಮ್ಮ ಅವರ ಕುರ್ಚಿಯ ಮುಂದೆ ಒಂದು ಗೋಣಿಚೀಲ ಹಾಸಿ ಸುಮ್ಮನಾಗಿದ್ದರು.

ಟೀ ಆರುವವರೆಗೂ ಕಾಯಲಾರದೆ ದಿನಾ ಬಾಯಿ ಸುಟ್ಟುಕೊಳ್ಳುವ ಮನುಷ್ಯ. ಬಸ್ಸು ತಡವಾಯಿತೆಂದು ಮುಂದಿನ ಸ್ಟಾಪಿಗೆ ನಡೆದು ಹೊರಡುವರು, ನಡುದಾರಿಯಲ್ಲಿ ಬಸ್ಸು ಅವರನ್ನು ದಾಟಿಹೋಗುವುದು, ಡ್ರೈವರನನ್ನು ಬೈದುಕೊಂಡು ಮನೆಗೆ ಬರುವರು. ನಮ್ಮದು ಕೊಯಮತ್ತೂರಿನಲ್ಲಿ ನೆಲೆಸಿದ, ಮನೆಮಾತು ಕನ್ನಡದ ನೇಯ್ಗೆಯ ಮನೆತನ. ಮಗ್ಗದ ಮುಂದೆ ಕೂರುವ ತಾಳ್ಮೆ ಇಲ್ಲದ್ದಕ್ಕೇ ಇವನು ಪಕ್ಕದ ಕುರಿಚಿಯಲ್ಲಿ ಕಬ್ಬಿಣ ಎರಕದ ಫೌಂಡ್ರಿ ಹಾಕಿದ್ದು ಎಂದು ಅಜ್ಜಿ ಹೇಳುತ್ತಿದ್ದರು. ಅಪ್ಪನಿಗೆ ಇಲ್ಲದ ಆ ಅವಸರ ನನಗೆ ಮಾತ್ರ ಬಂತು.

ಇಂಥವರ ಕೈಗೆ ಅಮೆರಿಕದ ಕಾರು ಸಿಕ್ಕಿತ್ತು. ಯಂತ್ರ ಜೋಡಿಸಲು ಯಾವುದೋ ಮಿಲ್ಲಿಗೆ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಹಡಗಿನಲ್ಲಿ ತರಿಸಿ, ಹೋಗುವಾಗ ಬಿಟ್ಟುಹೋದ ಕಾರು. ಮಿಲ್ಲು ಮುಚ್ಚಿದಾಗ ದೊಡ್ಡಪ್ಪ ಅದನ್ನು ಹರಾಜಿನಲ್ಲಿ ಹಿಡಿದರು. ಉದ್ದನೆಯ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್ನು. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಭಾನುವಾರ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹಳೆಯ ಪಾಲಕ್ಕಾಡ್ ರಸ್ತೆಯಲ್ಲಿ ಮದುಕ್ಕರೈವರೆಗೆ ಓಡಿಸುವುದು, ಅಲ್ಲಿ ನಿಂತುಕೊಂಡೇ ಬಜ್ಜಿ ತಿನ್ನುವುದು, ತಿರುಗಿ ಬರುವುದು. ಅದೇ ನಮ್ಮ ಪ್ರವಾಸ.

ಸ್ಟೀರಿಂಗು ಎಡಗಡೆಗಿತ್ತು. ಮುಂದಿನ ಲಾರಿಯನ್ನು ದಾಟಬೇಕೆಂದರೆ ಎದುರಿನಿಂದ ಬರುವ ಗಾಡಿ ದೊಡ್ಡಪ್ಪನಿಗೆ ಕಾಣುತ್ತಿರಲಿಲ್ಲ. ಬಲಗಡೆ ಕೂತವರು ಕಿಟಕಿಯಿಂದ ಇಣುಕಿ ನೋಡಿ ಹೇಳಬೇಕು. ಅಜ್ಜಿ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು, ಅಣ್ಣ ಹೆದರಿ ಹೇಳುವುದನ್ನೇ ಮರೆಯುತ್ತಿದ್ದ. ಕೊನೆಗೆ ಆ ಸೀಟು ನನ್ನದಾಯಿತು. "ಏನ್ ಅಮ್ಮಿಣಿ, ಪೋಲಾಮಾ?" ಎಂದು ದೊಡ್ಡಪ್ಪ ತಮಿಳಿನಲ್ಲಿ ಕೇಳುವರು, ಹೋಗೋಣವಾ ಮಗಳೇ ಎಂದು. ನಾನು "ಪೋಲಾಂ" ಎಂದರೆ ಮರುಯೋಚನೆಯಿಲ್ಲ, ಕಾರು ಹಾರಿತು. ಎಂಟು ವರ್ಷದವಳ ಒಂದು ಮಾತಿನ ಮೇಲೆ ಇಡೀ ಮನೆಯ ಜೀವ ಇಟ್ಟಿದ್ದರು. ಅಷ್ಟು ನಂಬಿಕೆಯನ್ನು ನನ್ನ ಮೇಲೆ ಆಮೇಲೆ ಯಾರೂ ಇಟ್ಟಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಅವರ ಫೌಂಡ್ರಿಗೇ ಸೇರಿದ ವರ್ಷ ಕಾರಿನ ಎಂಜಿನ್ನಿಗೆ ತಂಪು ನೀರು ಹರಿಸುವ ವಾಟರ್ ಪಂಪಿನ ಕಬ್ಬಿಣದ ಮೈ ಒಡೆಯಿತು. ಅದೇ ವರ್ಷ ದೊಡ್ಡಪ್ಪನ ಹೃದಯವೂ ಕೈಕೊಟ್ಟಿತು. ಇನ್ನು ಕಾರು ಓಡಿಸಬೇಡಿ ಎಂದರು ಡಾಕ್ಟರು. ದೊಡ್ಡಮ್ಮನ ಬಳಿ ಒಂದು ವಾರ ಮಕ್ಕಳ ಹಾಗೆ ಜಗಳವಾಡಿ ದೊಡ್ಡಪ್ಪ ಒಂದು ಸಲಕ್ಕೆ ಒಪ್ಪಿಗೆ ಪಡೆದರು: ಮದುಕ್ಕರೈವರೆಗೆ ಹೋಗಿ ಬರುವುದು, ಬಂದಮೇಲೆ ಕೀಲಿ ದೊಡ್ಡಮ್ಮನ ಕೈಗೆ.

ಅಣ್ಣ ಫೋನಿನಲ್ಲಿ ಹುಡುಕಿ, ಅಮೆರಿಕದಿಂದ ಎರಡು ವಾರದಲ್ಲಿ ಪಂಪು ಬರುತ್ತದೆ ಎಂದ. ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ದೇಶಕ್ಕೆಲ್ಲ ಪಂಪು ಮಾಡಿ ಕಳ್ಸೋ ಊರು ಇದು. ಇಲ್ಲಿ ಕೂತ್ಕೊಂಡು ಪಂಪು ತರಸ್ತೀಯಾ? ನಾಳೆ ಇಡ್ಲೀನೂ ಅಲ್ಲಿಂದ್ಲೇ ತರ್ಸು." ಕೊಯಮತ್ತೂರಿನ ಯಾವ ಫೌಂಡ್ರಿಯವರೂ ಇದನ್ನೇ ಹೇಳುತ್ತಿದ್ದರು. ಈ ಊರಿನ ಹುಚ್ಚು ಅದು, ನನಗೂ ಇದೆ.

ಪಂಪಿನ ಮೈಯನ್ನು ನಮ್ಮ ಫೌಂಡ್ರಿಯಲ್ಲೇ ಮಾಡುವುದೆಂದಾಯಿತು. ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಅದಕ್ಕೆ ಪ್ಯಾಟರ್ನ್ ಅನ್ನುತ್ತೇವೆ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವುದು. ಕರಗಿದ ಕಬ್ಬಿಣ ಆರುವಾಗ ಕುಗ್ಗುವುದರಿಂದ ಮರವನ್ನು ತುಸು ದೊಡ್ಡದಾಗಿಯೇ ಕೆತ್ತಬೇಕು. ಅದಕ್ಕೆಂದೇ ಬೇರೆ ಸ್ಕೇಲು ಇರುತ್ತದೆ, ಗೆರೆಗಳು ಕೊಂಚ ದೂರ ದೂರ ಇರುವಂಥದ್ದು. ನೋಡಲು ಸಾಧಾರಣ ಸ್ಕೇಲಿನಂತೆಯೇ ಇರುತ್ತದೆ. ದೊಡ್ಡಪ್ಪನ ಕೈ ನಡುಗುತ್ತಿದ್ದುದರಿಂದ ಪ್ಯಾಟರ್ನ್ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮೊದಲ ಪ್ಯಾಟರ್ನ್. ಕೈಗೆ ಸಿಕ್ಕ ಸ್ಕೇಲು ಹಿಡಿದು ನಾಲ್ಕೇ ದಿನದಲ್ಲಿ ಮುಗಿಸಿಬಿಟ್ಟೆ. ದೊಡ್ಡಪ್ಪ ದಿನಾ ಬಂದು ಸ್ಟೂಲಿನ ಮೇಲೆ ಕೂತು, ಕಾಲು ಕುಣಿಸುತ್ತ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಮೆಚ್ಚಿಕೊಂಡಿದ್ದಾರೆ ಎಂದು ನಾನು ಬೀಗಿದೆ.

ಬೇರೆಯವರ ಆರ್ಡರುಗಳ ನಡುವೆ ಅಚ್ಚು ಕಟ್ಟಿ, ಎರಕ ಹೊಯ್ದು, ಉಜ್ಜಿ ತರುವುದರೊಳಗೆ ಒಂದು ತಿಂಗಳಾಯಿತು. ಎಂಜಿನ್ನಿಗೆ ಹಿಡಿದು ನೋಡಿದರೆ ಕಬ್ಬಿಣ ಕುಗ್ಗಿ ಬೋಲ್ಟು ಕೂರುವ ಕಿವಿಗಳೆಲ್ಲ ಒಳಸರಿದಿದ್ದವು, ಒಂದೂ ತೂತಿಗೆ ಕೂಡಲಿಲ್ಲ. ಸಾಧಾರಣ ಸ್ಕೇಲಿನಲ್ಲಿ ಅಳೆದಿದ್ದೆ. ಈಗ ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ. ದೊಡ್ಡಪ್ಪ ಆ ಕಬ್ಬಿಣವನ್ನು ಕೈಯಲ್ಲಿ ಹೊರಳಿಸಿ ನೋಡಿ, "ಪರವಾಯಿಲ್ಲ ಅಮ್ಮಿಣಿ. ಇನ್ನೊಂದ್ ಮಾಡು" ಎಂದರು, ಅಷ್ಟೇ.

ಎರಡನೆಯ ಪ್ಯಾಟರ್ನನ್ನು ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಹಳೆಯ ಕೆಲಸಗಾರ ಮೋಲ್ಡರ್ ಅಣ್ಣನಿಗೆ ಕೊಟ್ಟ ವಾರವೇ ದೊಡ್ಡಪ್ಪ ಹೋದರು. ಮಧ್ಯಾಹ್ನ ಊಟ ಮುಗಿಸಿ ಕೈತೊಳೆಯಲು ಎದ್ದವರು ಕುಸಿದರು. ಅಲ್ಲೂ ಅವಸರ.

ತಿಥಿ ಮುಗಿದ ಮೇಲೆ ಮೋಲ್ಡರ್ ಅಣ್ಣ ನನ್ನನ್ನು ಕರೆದು ಒಂದು ಮಾತು ಹೇಳಿದ. ಮೂವತ್ತು ವರ್ಷ ದೊಡ್ಡಪ್ಪನ ಜೊತೆ ಮರಳು ತುಳಿದವನು. ನಾನು ತಪ್ಪು ಸ್ಕೇಲು ಹಿಡಿದದ್ದನ್ನು ಮೊದಲ ದಿನವೇ ಇಬ್ಬರೂ ನೋಡಿದ್ದರಂತೆ. ಇವನು ಹೇಳಲು ಹೊರಟರೆ ದೊಡ್ಡಪ್ಪ ತೋಳು ಹಿಡಿದು ನಿಲ್ಲಿಸಿದರಂತೆ. "ನಾವ್ ಹೇಳಿದ್ರೆ ಕಿವಿಗೆ ಹೋಗುತ್ತೆ. ಕಬ್ಬಿಣ ಹೇಳಿದ್ರೆ ಕೈಗೆ ಹೋಗುತ್ತೆ. ಇರು, ಹೊಯ್ಲಿ" ಅಂದರಂತೆ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಟೀ ಆರುವವರೆಗೆ ಕಾಯದ ಮನುಷ್ಯ ನನಗಾಗಿ ಒಂದು ತಿಂಗಳು ಕಾದರು, ಅದೂ ಯಾವ ತಿಂಗಳು! ಹೇಳಿಬಿಟ್ಟಿದ್ದರೆ ಮದುಕ್ಕರೈಗೆ ಹೋಗಿ ಬಂದಿರುತ್ತಿದ್ದರು. ಇವತ್ತಿಗೂ ಮನಸ್ಸಿನಲ್ಲಿ ಅವರೊಡನೆ ಜಗಳವಾಡುತ್ತೇನೆ. ಈಗ ನಮ್ಮಲ್ಲಿ ಪ್ಯಾಟರ್ನ್‌ಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಕುಗ್ಗುವ ಲೆಕ್ಕವನ್ನು ಅದೇ ಹಾಕಿದರೂ ನನ್ನ ಕೈ ಮೂರು ಸಲ ತಡೆದು ಅಳತೆ ನೋಡುತ್ತದೆ. ಈ ಬರಹವನ್ನು ಅವರು ಓದುತ್ತಿರಲಿಲ್ಲ. ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ, ಅವರಿಗೆ ಬಂದಿದ್ದರೂ ಇಷ್ಟುದ್ದ ಕೂತು ಓದುವ ತಾಳ್ಮೆ ಎಲ್ಲಿತ್ತು?

ಎರಡನೆಯ ಪಂಪು ಸರಿಯಾಗಿ ಕೂತಿತು. ಒಂದು ಭಾನುವಾರ ನಾನೇ ಕಾರು ತೆಗೆದೆ. ಕೀಲಿ ತಂದುಕೊಟ್ಟ ದೊಡ್ಡಮ್ಮ, ಕರೆಯದೆಯೇ ಬಂದು ಬಲಗಡೆ ಕೂತರು. ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಮದುಕ್ಕರೈ ಹತ್ತಿರ ನಮ್ಮ ಮುಂದೆ ನಿಧಾನಕ್ಕೆ ಹೋಗುವ ಒಂದು ಸಿಮೆಂಟ್ ಲಾರಿ ಸಿಕ್ಕಿತು. ದೊಡ್ಡಮ್ಮ ಸೆರಗು ಬಿಗಿದುಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನನಗೆ ತಡೆಯಲಾಗಲಿಲ್ಲ, ಎಂಜಿನ್ನು ಗುರ್ ಗುರ್ ಅನ್ನತೊಡಗಿತು. ನೋಡಿದರೆ ನನ್ನ ಬಲಗಾಲು ಕುಣಿಯುತ್ತಿತ್ತು.

ದೊಡ್ಡಮ್ಮ ಕಣ್ಣನ್ನು ರಸ್ತೆಯ ಮೇಲಿಂದ ತೆಗೆಯದೆ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಇರು ಅಮ್ಮಿಣಿ. ಎದುರ್ಗಡೆ ಬಸ್ ಬರ್ತಿದೆ."

ನಾನು ಕಾದೆ.