ಯಾವ ಕಂಪ್ಯೂಟರ್ ತಗೊಳ್ಳಲಿ ಅಂದರೆ ಮಿನಾಜ್ ತಿರುಗಿ ಪ್ರಶ್ನೆ ಕೇಳುತ್ತಾರೆ

ಬೆಳಿಗ್ಗೆ ಆರೂಕಾಲು. ತಿಕೋಟಾದಲ್ಲಿ ಗೊಲ್ಲಾಳಪ್ಪನವರ ಫೋಟೊ ಸ್ಟುಡಿಯೊದ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಮಿನಾಜ್ ನೆಲದ ಮೇಲೆ ಕೂತು, ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಊದುತ್ತಿದ್ದಾರೆ. ವಿಜಯಪುರದಿಂದ ಮೊದಲ ಬಸ್ಸಿಗೆ ಬಂದವರು, ಗಿರಾಕಿ ಬರುವ ಮೊದಲೇ ಮುಗಿಸಿ ಬಬಲೇಶ್ವರಕ್ಕೆ ಹೋಗಬೇಕು.

"ಮಷೀನ್ ಜೋಡಿ ಕುಂತ್ರ ಇಡೀ ದಿನಾ ಮಾತ ಆಡೂದ ಇರಂಗಿಲ್ರಿ," ಎನ್ನುತ್ತಾರೆ.

ನಲವತ್ತಾರರ ಈ ಹೆಣ್ಣುಮಗಳಿಗೆ ಡೆಸ್ಕ್‌ಟಾಪ್ ರಿಪೇರಿ ಇಪ್ಪತ್ತು ವರ್ಷದ ಕಸುಬು. ಕೆಲಸ ಕಲಿಸಿದ ಅಂಗಡಿ ಮುಚ್ಚಿದ ಮೇಲೆ ಒಬ್ಬರೇ ತಿರುಗುತ್ತಾರೆ. ದಿನಕ್ಕೆ ಮೂರು ಊರು, ಐದಾರು ಯಂತ್ರ. ಸಂಜೆ ಒಂದು ಕೋಣೆಯ ಬಾಡಿಗೆ ಮನೆ. ಅಲ್ಲೂ ಒಬ್ಬರೇ.

ಹೊಸದು ಕೊಳ್ಳುವವರು ಇವರನ್ನೇ ಕೇಳುತ್ತಾರೆ: ಮನೆಬಳಕೆಯದು ಸಾಕೋ, ಆಫೀಸಿನವರು ಕೊಳ್ಳುವ ಗಟ್ಟಿ ಮಾದರಿ ಬೇಕೋ? ಹಿಂದೆ ಗೊಲ್ಲಾಳಪ್ಪನವರೂ ಕೇಳಿದ್ದರು. ಸಣ್ಣ ಸ್ಟುಡಿಯೊ, ಮನೆಯದೇ ಸಾಕು ಎಂದುಬಿಟ್ಟರು ಮಿನಾಜ್. ಮೂರನೇ ಬೇಸಿಗೆಗೆ ಡಿಸ್ಕ್ ಕೆಟ್ಟಿತು. ಊರಿನ ಮದುವೆಗಳು, ತೀರಿಹೋದವರ ಮುಖಗಳು, ಎಲ್ಲ ಅದರೊಳಗೇ.

"ಗಟ್ಟಿದೂ ಕೆಡತೈತ್ರಿ. ಆದ್ರ ಅದ್ರಾಗ ಎರಡ ಡಿಸ್ಕ್ ಕೂಡಿಸಿ, ಒಂದರಾಗಿಂದು ಇನ್ನೊಂದರಾಗೂ ಉಳಿಯೂಹಂಗ ಮಾಡಬಹುದಿತ್ತು. ನಾ ಹೇಳಲೇ ಇಲ್ಲ."

ಮಿನಾಜ್ ಡಿಸ್ಕನ್ನು ಮನೆಗೆ ಒಯ್ದು, ಹನ್ನೊಂದು ದಿನ ಕೂತು, ಫೋಟೊಗಳನ್ನು ಒಂದೊಂದಾಗಿ ಹೊರತೆಗೆದರು. ಬಹುಪಾಲು ಬಂದವು. ಆದರೆ ಅದೇ ಊರಿನ ಪರಸವ್ವನ ತೀರಿಹೋದ ಮಗಳು ಸುಮಂಗಲಾಳ ಇದ್ದ ಒಂದೇ ಫೋಟೊ ಅರ್ಧವೇ ತೆರೆಯಿತು. ಹಣೆ, ಕಣ್ಣು ಇದ್ದವು. ಕೆಳಗೆ ಬರೀ ಬೂದಿಬಣ್ಣ. ಅದನ್ನೇ ಪ್ರಿಂಟ್ ಹಾಕಿ ಪರಸವ್ವನ ಮನೆಗೆ ಹೋದರು.

"ಬೈತಾಳ ಅಂತ ಹೋಗಿದ್ನಿ. ಆಕಿ ಬಾಳೊತ್ತ ನೋಡಿ, 'ಕಣ್ಣರ ಬಂದಾವಲ್ಲ ಯವ್ವಾ' ಅಂದ್ಲು. ಬೈದಿದ್ರ ಚಲೋ ಇತ್ರಿ."

ಈಗ ಯಾರು ಕೇಳಿದರೂ ಮಿನಾಜ್ ತಟ್ಟನೆ ಉತ್ತರ ಕೊಡುವುದಿಲ್ಲ. ಒಳಗೆ ಏನು ಇಡುತ್ತೀರಿ, ಅದು ಹೋದರೆ ಮತ್ತೆ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಓದಿಗೆಂದು ಕೇಳಿದ ನಿಡೋಣಿಯ ಕೈನಾತಳಿಗೆ ಮನೆಬಳಕೆಯದೇ ಸಾಕೆಂದರು. ಸ್ಟುಡಿಯೊಗೆ ಎರಡು ಡಿಸ್ಕಿನ ಗಟ್ಟಿ ಮಾದರಿ ತರಿಸಿದರು. ತಿಂಗಳಿಗೊಮ್ಮೆ ಯಾರೂ ಕರೆಯದೆಯೇ ಬಂದು ಅದನ್ನು ಒರೆಸಿ ಹೋಗುತ್ತಾರೆ.

ಡಬ್ಬಿ ಮುಚ್ಚಿ ಸ್ಕ್ರೂ ಬಿಗಿಯುತ್ತಿದ್ದವರನ್ನು, ನಿಮಗೇನು ಆಸೆ ಎಂದು ಕೇಳಿದೆ.

"ಕೆಟ್ಟಾಗ ಎಲ್ಲಾರೂ ಫೋನ್ ಮಾಡ್ತಾರ್ರಿ. ಚಲೋ ನಡದಾಗೂ ಒಬ್ಬರರ ಮಾಡಿ, 'ಮಿನಾಜಕ್ಕಾ, ಈ ಕಡೆ ಬಂದ್ರ ಚಾ ಕುಡದ ಹೋಗು' ಅನ್ಬೇಕು. ಅಷ್ಟ."