ನನ್ನ ಸೈಟಿನಲ್ಲಿ ನಾನೇ ನೋಡದ ಜಾಹೀರಾತು

"ಏನಣ್ಣ ಇದು? ನೀವು ಕೇಳ್ಕೊಂಡ್ರಿ ಅಂತ ಆ್ಯಡ್ ಬ್ಲಾಕರ್ ತೆಗೆದೆ. ಈಗ ನೋಡಿ!" ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಬಾಗಿಲಲ್ಲಿ, ಗೂಡಿನಿಂದ ನೂಲು ತೆಗೆಯುವ ರೀಲರ್ ಬಾಷಾ ತನ್ನ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದ.

ರೇಷ್ಮೆಗೂಡಿನ ದರ ಹಾಕುವ ನನ್ನ ವೆಬ್‌ಸೈಟಿನಲ್ಲಿ, ದರದ ಕೆಳಗೇ ಇಸ್ಪೀಟು ಜೂಜಿನ ಜಾಹೀರಾತು! ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನೇ ಕಲಿತು ಕಟ್ಟಿದ ಸೈಟು ಅದು. ಜಾಹೀರಾತು ಆರಿಸಿ ಹಾಕುವುದು ಬೇರೊಂದು ಕಂಪನಿ; ಅದು ಓದುಗರಿಗೆ ಕಂಡರಷ್ಟೇ ನನಗೆ ಕಾಸು. ಅದಕ್ಕೇ ಜಾಹೀರಾತು ತಡೆಯುವ ಬ್ಲಾಕರ್ ತೆಗೆಯಿರೆಂದು ಎಲ್ಲರನ್ನೂ ಬೇಡಿದ್ದೆ.

"ಅಣ್ಣನ ಸೈಟಲ್ಲಿರೋದು ಅಂತ ನಂಬಿ ನಮ್ಮ ಅಮ್ಮಿ ಆಡಿ, ಎರಡು ಸಾವಿರ ಕಳ್ಕೊಂಡ್ರು. ನೀವು ನೋಡೇ ಇರ್ಲಿಲ್ವಾ?"

ನಾನು ನೋಡಿರಲಿಲ್ಲ. ನನ್ನ ಮೊಬೈಲಿನಲ್ಲೂ ಬ್ಲಾಕರ್ ಇತ್ತು.

ಜೂಜಿನ ಜಾಹೀರಾತುಗಳನ್ನು ಅಂದೇ ನಿಲ್ಲಿಸಿದೆ. ನನ್ನ ಬ್ಲಾಕರನ್ನೂ ತೆಗೆದೆ. ಈಗ ದಿನಾ ದರ ಹಾಕಿದ ಮೇಲೆ, ಬಾಷಾನ ಅಮ್ಮಿ ನೋಡುವ ಹಾಗೆ ಪುಟವನ್ನು ಕೊನೆಯವರೆಗೂ ನೋಡುತ್ತೇನೆ.