ಲ್ಯಾಂಡಿಯ ಹದಿನಾರು ಸಾಲು

ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳ ಊಟದ ತಟ್ಟೆಗಳನ್ನು ಯಂತ್ರಕ್ಕೆ ಕೊಟ್ಟು ವರ್ಲೀನ್ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಆಗ ಹಿಂಬಾಗಿಲಲ್ಲಿ ಲಿಯೋಟಿಸ್ ಕಾಣಿಸಿಕೊಂಡ.

"ಯಾರು ಹೋದ್ರೋ?" ಎಂದಳು. ಈಚೀಚೆಗೆ ಅವನು ಹೇಳದೆ ಕೇಳದೆ ಬಂದರೆ ಅದೇ ಸುದ್ದಿ.

"ಯಾರೂ ಹೋಗಿಲ್ಲ ವರ್ಲ್. ಈ ಸಲ ಎದ್ದು ಬರ್ತಿದಾರೆ."

ಎದ್ದು ಬರಲಿದ್ದದ್ದು 'ಥರ್ಡ್ ಪ್ಯೂ'. ಇಪ್ಪತ್ತೈದು ವರ್ಷದ ಹಿಂದೆ ಮೆಂಫಿಸ್‌ನ ಆರೆಂಜ್ ಮೌಂಡ್ ಕೇರಿಯಲ್ಲಿ, ಚರ್ಚಿನ ಮೂರನೇ ಬೆಂಚಿನಲ್ಲಿ ಒಟ್ಟಿಗೆ ಕೂತು ಬೈಸಿಕೊಳ್ಳುತ್ತಿದ್ದ ಹುಡುಗರು ಕಟ್ಟಿದ ರ್‍ಯಾಪ್ ಕಂಪನಿ ಅದು. ಲಿಯೋಟಿಸ್ ಅದರ ಯಜಮಾನ. ಕಂಪನಿಯ ಕಚೇರಿ, ಸ್ಟುಡಿಯೋ, ಗೋದಾಮು ಎಲ್ಲ ಸೇರಿ ಒಂದೇ: ವರ್ಲೀನಳ ಬಾಡಿಗೆ ಮನೆ. ನಾಲ್ಕು ವರ್ಷದಲ್ಲಿ ಒಂಬತ್ತು ಕ್ಯಾಸೆಟ್ಟು ಹೊರಬಂದಿದ್ದವು. ಆಮೇಲೆ ಏನೂ ಇಲ್ಲ. ಈಗ ಅಟ್ಲಾಂಟಾದ ಒಂದು ಕಂಪನಿಗೆ ಹತ್ತನೆಯದು ಬೇಕಂತೆ. ಅದೇ ಜನ, ಅದೇ ಧ್ವನಿ.

"ಒಂದೇ ಷರತ್ತು," ಎಂದ ಲಿಯೋಟಿಸ್. "ಲ್ಯಾಂಡಿದು ಒಂದು ಇರ್ಬೇಕು. ಯಾರೂ ಕೇಳದೆ ಇರೋದು. ಆ ಕೊನೇ ಹದಿನಾರು ಸಾಲು. ನಿನ್ ಹತ್ರ ಇದೆ ತಾನೆ?"

"ಇರ್ಬೇಕು," ಎಂದಳು ವರ್ಲೀನ್.

ಅವನು ಹೋದ ಮೇಲೆ ಅವಳು ತೊಳೆದ ತಟ್ಟೆಗಳನ್ನು ಯಂತ್ರದಿಂದ ಇಳಿಸಿ ಜೋಡಿಸಿದಳು.

ವರ್ಲೀನ್ ಹಾಡಿದವಳಲ್ಲ. ಚರ್ಚಿನಲ್ಲಿ ಸೋದರಮಾವನ ಪಕ್ಕ ನಿಂತು ಮೈಕು, ತಂತಿ, ಧ್ವನಿಯ ಏರಿಳಿತ ಕಲಿತವಳು. ಅವಳ ಬಾಡಿಗೆ ಮನೆಯ ಮುಂಬಾಗಿಲಿನಿಂದ ಬಚ್ಚಲಿನವರೆಗೆ ಒಂದು ಓಣಿ. ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒರಗಬೇಕು, ಅಷ್ಟು ಕಿರಿದು. ಓಣಿಯ ಕೊನೆಗೆ ಒಬ್ಬ ನಿಲ್ಲುವಷ್ಟು ಬಟ್ಟೆಗೂಡು, ಅದರಲ್ಲಿ ಒಂದೇ ಒಂದು ಮೈಕು. ಪಕ್ಕದ ಕೋಣೆಯಲ್ಲಿ ಎಂಟು ಪಟ್ಟಿಯ ಟೇಪು ಯಂತ್ರ: ಒಂದೊಂದು ಪಟ್ಟಿಯಲ್ಲಿ ಒಂದೊಂದು ಧ್ವನಿ. ಪಟ್ಟಿಗೊಂದು ಕೆಂಪು ಗುಂಡಿ, ಅದನ್ನು ಒತ್ತುವವಳು ವರ್ಲೀನ್.

ಹುಡುಗರು ಓಣಿಯಲ್ಲಿ ಸಾಲು ನಿಲ್ಲುತ್ತಿದ್ದರು. ಪಾಳಿ ಬಂದವನು ಹದಿನಾರು ಸಾಲು ಹೇಳಬೇಕು. ಹೇಳುವಾಗ ಸಾಲಿನಲ್ಲಿದ್ದವರು ನಕ್ಕರೆ ಮುಗಿಯಿತು. ವರ್ಲೀನ್ ಟೇಪನ್ನು ಹಿಂದಕ್ಕೆ ಸುತ್ತುವಳು, ಅವನ ಮಾತಿನ ಮೇಲೆಯೇ ಮುಂದಿನವನ ಮಾತು ಕೂರುವುದು. ನಕಲು ಇಲ್ಲ, ಎರಡನೆಯ ಅವಕಾಶ ಇಲ್ಲ. ಶುರುವಾದದ್ದು ಟೇಪು ದುಬಾರಿ ಎಂಬ ಕಾರಣಕ್ಕೆ. ಆರು ತಿಂಗಳಲ್ಲಿ ಅದೇ ಕಾನೂನಾಯಿತು. ನಗೆಗೀಡಾಗಿ ಮಾತು ಕಳೆದುಕೊಂಡವನು ಮನೆಗೆ ಹೋಗಿ ವಾರಗಟ್ಟಲೆ ಬರೆದು, ಹರಿದು, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಆ ಒಂಬತ್ತು ಕ್ಯಾಸೆಟ್ಟಿನಲ್ಲಿ ಉಳಿದಿರುವುದು ಯಾರೂ ನಗಲಾಗದೆ ಹೋದ ಮಾತುಗಳು ಮಾತ್ರ.

ಲ್ಯಾಂಡಿ, ಅಂದರೆ ಒರ್ಲಾಂಡಿಸ್, ಎಲ್ಲರಿಗಿಂತ ಚಿಕ್ಕವನು. ಇಪ್ಪತ್ತೆರಡು. ಸಾವಿರದ ಒಂಬೈನೂರ ತೊಂಬತ್ತೇಳರ ಒಂದು ಮಧ್ಯಾಹ್ನ ಅವನು ತನ್ನ ತಾಯಿಯ ಬಗ್ಗೆ ಹದಿನಾರು ಸಾಲು ಹೇಳಿದ. ಹನ್ನೊಂದು ದಿನದ ಮೇಲೆ ಹೆದ್ದಾರಿಯಲ್ಲಿ ಅವನ ಕಾರು ಲಾರಿಯ ಕೆಳಗೆ ಹೋಯಿತು. ಮಣ್ಣಿನ ದಿನ ಹುಡುಗರು ಅವನ ತಾಯಿ ಮಿಸ್ ಅರ್ಜೆಲ್ಲಾಳನ್ನು ಸುತ್ತುವರಿದು, "ನಿಮ್ಮ ಬಗ್ಗೆ ಹೇಳಿದ್ದ ಅಮ್ಮಾ, ನಾವೆಲ್ಲ ಉಸಿರೆತ್ತದೆ ನಿಂತಿದ್ವಿ," ಎಂದಿದ್ದರು. ಏನು ಹೇಳಿದ್ದ ಎಂದರೆ ಒಬ್ಬೊಬ್ಬರದು ಒಂದೊಂದು. ಲಿಯೋಟಿಸ್ ಅವಳ ಸವೆದ ಚಪ್ಪಲಿ ಎಂದ. ಟೈರಸ್ ಬಸ್ ನಿಲ್ದಾಣ ಎಂದ. ಇನ್ನೊಬ್ಬ ಆಣೆ ಮಾಡಿ ಜೋಳದ ಬ್ರೆಡ್ಡು ಎಂದ. ಆ ಸುರುಳಿಯನ್ನು ಹಾಕಿ ಕೇಳುವ ಎದೆ ಯಾರಿಗೂ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವರ್ಲೀನಳ ಮಂಚದ ಕೆಳಗೆ ಇಟ್ಟರು. ಇಪ್ಪತ್ತೆರಡು ವರ್ಷವಾಯಿತು.

ವರ್ಲೀನ್ ಕೇಳದೆ ಇದ್ದುದಕ್ಕೆ ಬೇರೆಯದೇ ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಅವಳ ಎಂಟು ತಿಂಗಳ ಮಗು ಬ್ರಿಯೋನಾಗೆ ಜ್ವರ. ಹಾಲು ಕುಡಿದಿರಲಿಲ್ಲ, ಬೆಳಗಿನಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಹಸುಗೂಸಿಗೆ ಜ್ವರ ಬಂದ ಮನೆಯಲ್ಲಿ ತಾಯಿಗೆ ಇರುವುದು ಎರಡು ಕಿವಿಯಲ್ಲ, ಇಪ್ಪತ್ತು. ಎಲ್ಲವೂ ತೊಟ್ಟಿಲ ಕಡೆಗೇ. ಲ್ಯಾಂಡಿ ಮುಗಿಸಿದಾಗ ಓಣಿಯಲ್ಲಿ ಯಾರೂ ನಗಲಿಲ್ಲ, ಯಾರೋ ಟೋಪಿ ತೆಗೆದರು, ಅಷ್ಟು ಅವಳಿಗೆ ಗೊತ್ತು. ಮಾತು ಯಾವುದೂ ತಲೆಗೆ ಹೋಗಿರಲಿಲ್ಲ. ಅಷ್ಟರಲ್ಲಿ ಮಗು ಚೀರಿತು. ಓಡಿದಳು. ಹಣೆ ಕಾವಲಿಯಂತಿತ್ತು. ಸೊಂಟಕ್ಕೆ ಹಾಕಿಕೊಂಡು ಬಂದಾಗ ಟೈರಸ್ ಆಗಲೇ ಮೈಕಿನ ಮುಂದೆ ನಿಂತು, "ವರ್ಲ್, ಬಾರೆ, ಬಿಸಿ ಆರೋಗುತ್ತೆ," ಎಂದು ಕೂಗುತ್ತಿದ್ದ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಟೇಪು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದಳು. ಆರನೇ ಪಟ್ಟಿ ಲ್ಯಾಂಡಿಯದು. ಯಾರೂ ನಗದ್ದರಿಂದ ಟೈರಸನಿಗೆ ಏಳನ್ನು ಒತ್ತಬೇಕಿತ್ತು. ಏಳನ್ನೇ ಒತ್ತಿದಳೇ? ಹಾಡು ಮುಗಿಯುವ ಮೊದಲೇ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಆಸ್ಪತ್ರೆ, ಮೂರು ದಿನ. ಬಂದ ಮೇಲೆ ನೋಡೋಣ ಎಂದುಕೊಂಡದ್ದು ನೋಡದೆ ಹೋಯಿತು.

ಹಳೇ ಟೇಪುಗಳು ಅಂಟುಗಟ್ಟಿದ್ದವು. ಹಾಗೇ ಹಾಕಿದರೆ ಸುಲಿದುಹೋಗುತ್ತವೆ, ಮೊದಲು ಸಣ್ಣ ಕಾವಿನಲ್ಲಿ ಒಣಗಿಸಬೇಕು. ಅಟ್ಲಾಂಟಾದಿಂದ ಬಂದ ಪ್ರೆಸ್ಟನ್ ಎಂಬ ತರುಣ ಆ ವಿಷಯ ವಿವರಿಸಲು ಹೊರಟಾಗ ವರ್ಲೀನ್ ಸೇಬು ಒಣಗಿಸುವ ಪೆಟ್ಟಿಗೆಯನ್ನು ಮೇಜಿನ ಮೇಲೆ ತಂದಿಟ್ಟಳು.

"ಇದ್ರಲ್ಲಿ ಎಂಟು ಗಂಟೆ. ನಿಂಗೆ ಹಲ್ಲು ಬರೋಕ್ ಮುಂಚೆನೇ ಗೊತ್ತು ಮಗಾ ನಂಗೆ."

ಏಳು ಸುರುಳಿ. ದಿನಕ್ಕೊಂದು. ಲ್ಯಾಂಡಿಯದು ಯಾವುದು ಎಂದು ಡಬ್ಬಿಯ ಮೇಲೆ ಬರೆದಿರಲಿಲ್ಲ. ಆದರೆ ಆ ಚೀಲ ಯಾವುದು ಎಂದು ವರ್ಲೀನಳಿಗೆ ಗೊತ್ತಿತ್ತು. ಅದನ್ನು ಕೊನೆಗೆ ಇಟ್ಟಳು. ಶಾಲೆ ಬಿಟ್ಟ ಮೇಲೆ ದಿನವೂ ನಾಲ್ಕಕ್ಕೆ ಮಿಸ್ ಅರ್ಜೆಲ್ಲಾ ಬರುವಳು. ಎಪ್ಪತ್ತೊಂಬತ್ತು ವರ್ಷ, ಚರ್ಚಿನ ಟೋಪಿ, ಕೈಯಲ್ಲಿ ಮುಚ್ಚಿದ ಪಾತ್ರೆ. ಒಂದು ದಿನ ಕೊಲಾರ್ಡ್ ಸೊಪ್ಪು, ಇನ್ನೊಂದು ದಿನ ಗೆಣಸಿನ ಪೈ.

"ಇವತ್ತಿಂದ್ರಲ್ಲಿ ಇದಾನಾ ನಮ್ ಹುಡ್ಗ?"

"ಇವತ್ತಿಂದ್ರಲ್ಲಿ ಇಲ್ಲ ಅನ್ಸುತ್ತೆ ಮಿಸ್ ಅರ್ಜೆಲ್ಲಾ."

"ಇರ್ಲಿ ಬಿಡು. ಉಳಿದೋರೂ ನನ್ ಮಕ್ಳೇ. ತಿನ್ನು, ಸೊರಗ್ಬಿಟ್ಟಿದೀಯ."

ಅದೇ ವಾರ ಹೊಸ ಹಾಡಿನ ಕೆಲಸವೂ ನಡೆದಿತ್ತು. ಪ್ರೆಸ್ಟನ್ ಊರ ನಡುವೆ ಮೆತ್ತನೆಯ ಸೋಫಾ ಇರುವ ಸ್ಟುಡಿಯೋ ಹಿಡಿದಿದ್ದ. ಟೈರಸ್ ಅಲ್ಲಿ ತನ್ನ ಹದಿನಾರು ಸಾಲನ್ನು ಇಪ್ಪತ್ತಾರು ಸಲ ಹೇಳಿದ. ಇಪ್ಪತ್ತಾರೂ ಕಂಪ್ಯೂಟರಿನಲ್ಲಿ ಭದ್ರವಾಗಿ ಉಳಿದವು. ಇಪ್ಪತ್ತಾರೂ ಗಂಜಿಯ ಹಾಗಿದ್ದವು.

"ಓಣಿಲಿ ನಿಲ್ಸಿ," ಎಂದಳು ವರ್ಲೀನ್. "ನಮ್ ಮನೆ ಓಣಿಲೇ. ಒಂದೇ ಮೈಕು. ನಕ್ರೆ ಅಳಿಸ್ತೀನಿ."

ಅವಳು ಇನ್ನೂ ಅದೇ ಮನೆಯಲ್ಲಿದ್ದಳು. ಶನಿವಾರ ಬೆಳಿಗ್ಗೆ ಬದುಕಿರುವವರಲ್ಲಿ ಐದು ಜನ ಬಂದರು. ಅಂದು ಒಬ್ಬರಿಗೊಬ್ಬರು ಅಂಟಿಕೊಂಡು ಹನ್ನೆರಡು ಜನ ನಿಲ್ಲುತ್ತಿದ್ದ ಜಾಗ ಈಗ ಐದು ಹೊಟ್ಟೆಗೆ ಸಾಲಲಿಲ್ಲ.

"ಕುರ್ಚಿ ಕೊಡೇ ವರ್ಲ್, ಮಂಡಿ ಹೋಗಿದೆ."

"ಕುರ್ಚಿ ಹಾಕಿದ್ರೆ ಓಣಿ ಆಗಲ್ಲ, ಡಾಕ್ಟ್ರ ಶಾಪ್ ಆಗುತ್ತೆ."

"ನಂಗಿರೋ ಸಕ್ಕರೆ ಕಾಯಿಲೆಗೆ ಅದೇ ಸರಿ ಕಣೇ."

ಅಷ್ಟು ನಗು ಆಯಿತು. ಆಮೇಲೆ ಟೈರಸ್ ಬಟ್ಟೆಗೂಡಿನೊಳಗೆ ಹೋಗಿ ಹೇಳತೊಡಗಿದ. ಈಗ ಅವನು ಚರ್ಚಿನ ಹಿರಿಯ, ಬೈಗುಳ ಬಳಸುವುದಿಲ್ಲ. ಐದನೇ ಸಾಲಿನಲ್ಲಿ ತಡವರಿಸಿದ. ಎಂಟರಲ್ಲಿ ತಾಳ ತಪ್ಪಿದ. ಕೆಟ್ಟದಾಗಿತ್ತು. ಅಂದಿನ ಓಣಿಯಾಗಿದ್ದರೆ ಮೂರನೇ ಸಾಲಿಗೇ ಗೋಡೆ ಬಡಿದು ನಕ್ಕಿರುತ್ತಿದ್ದರು. ವರ್ಲೀನ್ ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ಯಾರೂ ನಗಲಿಲ್ಲ. ಟೈರಸನ ಹೆಂಡತಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಎಲ್ಲರೂ ಅವಳ ಶವಪೆಟ್ಟಿಗೆ ಹೊತ್ತವರೇ.

"ಚೆನ್ನಾಗಿತ್ತು ಬ್ರದರ್," ಎಂದ ಒಬ್ಬ. "ತುಂಬಾ ಚೆನ್ನಾಗಿತ್ತು," ಎಂದ ಇನ್ನೊಬ್ಬ.

ಟೈರಸ್ ಹೊರಬಂದು ವರ್ಲೀನಳ ಮುಖ ನೋಡಿದ. "ಅಳಿಸ್ಬೇಕಿತ್ತು, ಅಲ್ವಾ?"

ಅವಳು ಗುಂಡಿಯಿಂದ ಬೆರಳು ತೆಗೆದಳು. ಅಳಿಸಲಿಲ್ಲ. ಇಪ್ಪತ್ತು ವರ್ಷದ ಹುಡುಗರಿಗೆ ಒಬ್ಬರ ದುಃಖ ಒಬ್ಬರಿಗೆ ಗೊತ್ತಿರಲಿಲ್ಲ, ಅದಕ್ಕೇ ನಗುವುದು ಸುಲಭವಾಗಿತ್ತು. ಈಗ ಎಲ್ಲರದೂ ಎಲ್ಲರಿಗೂ ಗೊತ್ತು. ಇನ್ನು ಆ ಓಣಿಯಲ್ಲಿ ನಗೆಗೆ ಹೆದರಿ ಯಾರ ಮಾತೂ ಹರಿತವಾಗುವುದಿಲ್ಲ.

"ಲ್ಯಾಂಡಿ ಸಿಕ್ರೆ ಸಾಕು," ಎಂದ ಲಿಯೋಟಿಸ್ ಹೊರಗೆ ಮೆಟ್ಟಿಲ ಮೇಲೆ ಕೂತು. "ಅವ್ನ ಹದಿನಾರು ಸಾಲಿದ್ರೆ ಉಳಿದಿದ್ದು ಯಾರ್ ಕೇಳ್ತಾರೆ?"

ಏಳನೇ ಸುರುಳಿಯನ್ನು ಸೋಮವಾರ ಹಾಕಿದರು. ಮಿಸ್ ಅರ್ಜೆಲ್ಲಾ ಬರುವುದಕ್ಕೆ ಅರ್ಧ ಗಂಟೆ ಮೊದಲೇ ಒಮ್ಮೆ ಕೇಳಿಬಿಡೋಣ ಎಂದು ವರ್ಲೀನ್ ಹಟ ಹಿಡಿದಿದ್ದಳು. ಪ್ರೆಸ್ಟನ್ ಕಂಪ್ಯೂಟರಿಗೆ ತಂತಿ ಜೋಡಿಸಿದ. ಅವಳು ಆರನೇ ಪಟ್ಟಿಯೊಂದನ್ನೇ ಬಿಟ್ಟು ಉಳಿದದ್ದನ್ನು ಮುಚ್ಚಿದಳು.

ಸರಸರ ಸದ್ದು. ಗಂಟಲು ಸರಿಮಾಡಿಕೊಳ್ಳುವ ಹುಡುಗ. "ಹಾಕು ವರ್ಲ್." ಒಂದು ಉಸಿರು, ಒಳಕ್ಕೆ ಎಳೆದುಕೊಂಡದ್ದು.

ಟಕ್.

ಆಮೇಲೆ ಟೈರಸ್. ಇಪ್ಪತ್ತಾರರ ಹರೆಯದ ಟೈರಸ್, ಕಾರಿನ ಚಕ್ರಗಳ ಬಗ್ಗೆ, ಹದಿನಾರು ಸಾಲು.

ಅವಳು ಏಳನೆಯದನ್ನು ತೆರೆದಳು. ಖಾಲಿ. ಎಂಟು, ಐದು, ನಾಲ್ಕು, ಒಂದೊಂದಾಗಿ ಎಲ್ಲವನ್ನೂ ತೆರೆದಳು. ಎಲ್ಲೂ ಇಲ್ಲ. ಪ್ರೆಸ್ಟನ್ ಕಿವಿಯ ಮೇಲಿದ್ದ ಹೆಡ್‌ಫೋನನ್ನು ಮೆಲ್ಲಗೆ ತೆಗೆದಿಟ್ಟ.

"ಯಾರಾದ್ರೂ ನಕ್ಕಿದ್ರಾ?" ಎಂದ ಬಾಗಿಲಲ್ಲಿ ನಿಂತಿದ್ದ ಲಿಯೋಟಿಸ್. ಅವನಿಗೂ ನೆನಪಿತ್ತು, ಆದರೂ ಕೇಳಿದ.

"ಯಾರೂ ನಗ್ಲಿಲ್ಲ. ನಾನು ತಪ್ಪು ಗುಂಡಿ ಒತ್ತಿದೆ."

ಅವನು ಒಮ್ಮೆ ಓಣಿಯ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಮಿಸ್ ಅರ್ಜೆಲ್ಲಾಗೆ ಟೇಪು ಹಾಳಾಗಿತ್ತು ಅನ್ನೋಣ. ವಯಸ್ಸಾದ ಜೀವ. ಅಥ್ವಾ ಪ್ರೆಸ್ಟನ್ ಹೇಳ್ತಾನೆ, ಹಳೇ ಹಾಡುಗಳಿಂದ ಅವ್ನ ಮಾತು ಕತ್ತರಿಸಿ ಹೊಲಿಬೋದಂತೆ. ಚಪ್ಪಲಿ ಅಂತ ಒಂದ್ ಕಡೆ ಇದೆ, ಮಮ್ಮಾ ಅಂತ ಎಷ್ಟೋ ಕಡೆ ಇದೆ..."

"ಲಿಯೋಟಿಸ್, ಸುಮ್ನಿರು."

"ಅಟ್ಲಾಂಟಾದವ್ರು ವಾಪಸ್ ಹೋಗ್ತಾರೆ ವರ್ಲ್. ಎಲ್ಲಾ ಮುಗಿಯುತ್ತೆ."

"ಮುಗಿದು ಇಪ್ಪತ್ತೆರಡ್ ವರ್ಷ ಆಯ್ತು ಕಣೋ."

ನಾಲ್ಕಕ್ಕೆ ಸರಿಯಾಗಿ ಮಿಸ್ ಅರ್ಜೆಲ್ಲಾ ಬಂದಳು. ಇಂದು ಕ್ಯಾರಮೆಲ್ ಕೇಕು, ಹಬ್ಬಕ್ಕೆ ಮಾತ್ರ ಮಾಡುವುದು. ಹೊಸ ಟೋಪಿ. ಕೂತು ಕೈಚೀಲವನ್ನು ಮಡಿಲಲ್ಲಿಟ್ಟು, ಕಿವಿಯ ಯಂತ್ರವನ್ನು ಬೆರಳಿನಿಂದ ಸರಿಮಾಡಿಕೊಂಡಳು. ವರ್ಲೀನ್ ಅವಳೆದುರು ನೆಲದ ಮೇಲೆ ಕೂತಳು.

"ಅಮ್ಮಾ, ಅದು ಇಲ್ಲ. ನಾನೇ ಅಳಿಸ್ಬಿಟ್ಟೆ. ಬೇಕಂತ ಅಲ್ಲ. ಮಗೂಗೆ ಜ್ವರ ಇತ್ತು, ಎತ್ಕೊಂಡಿದ್ದೆ, ಬೇರೆ ಗುಂಡಿ ಒತ್ಬಿಟ್ಟೆ. ಅದರ್ ಮೇಲೆ ಟೈರಸ್ ಬಂದ."

ಮಿಸ್ ಅರ್ಜೆಲ್ಲಾಳ ಮುಖದಲ್ಲಿ ಏನೂ ಕದಲಲಿಲ್ಲ. ಕಿವಿಗೆ ಬಿತ್ತೋ ಇಲ್ಲವೋ ಎಂದು ವರ್ಲೀನ್ ಇನ್ನೊಮ್ಮೆ ಹೇಳಲು ಬಾಯಿ ತೆರೆದಳು.

"ಕೇಳಿಸ್ತು. ಎಷ್ಟಿದೆ ಅವ್ನದು?"

"ಒಂದು ಮಾತು. ಒಂದು ಉಸ್ರು."

"ಹಾಕು."

ವರ್ಲೀನ್ ಹಾಕಿದಳು. ಹಾಕು ವರ್ಲ್. ಉಸಿರು. ಟಕ್. ಅವಳು ನಿಲ್ಲಿಸಲು ಕೈ ನೀಡಿದಳು.

"ನಿಲ್ಲಿಸ್ಬೇಡ. ಅದ್ರ ಮೇಲೆ ಏನ್ ಕೂತಿದ್ಯೋ ಅದನ್ನೂ ಕೇಳ್ತೀನಿ."

ಟೈರಸ್ ತನ್ನ ಚಕ್ರಗಳ ಬಗ್ಗೆ ಹೇಳಿದ. ಹದಿನಾರು ಸಾಲು, ನಲವತ್ತು ಸೆಕೆಂಡು. ಮಿಸ್ ಅರ್ಜೆಲ್ಲಾ ಚರ್ಚಿನಲ್ಲಿ ಪ್ರಾರ್ಥನೆ ಕೇಳುವಂತೆ ತಲೆಬಾಗಿ ಕೇಳಿದಳು. ಹನ್ನೆರಡನೇ ಸಾಲಿನ ಹಿಂದೆ ಎಲ್ಲೋ ಒಂದು ಮಗು ಅಳುತ್ತಿತ್ತು. ವರ್ಲೀನ್ ಮೊದಲ ಸಲ ಕೇಳಿದಾಗ ಅದನ್ನು ಗಮನಿಸಿರಲಿಲ್ಲ.

"ಅದು ಬ್ರಿಯೋನಾನಾ?"

"ಹೂಂ ಅಮ್ಮಾ."

"ಜ್ವರ ಇಳೀತಾ?"

"ಇಳೀತು. ಮೂರನೇ ದಿನ."

"ಈಗ ಎಲ್ಲಿದಾಳೆ?"

"ಸೇಂಟ್ ಲೂಯಿಸ್‌ನಲ್ಲಿ. ಕೆಲಸದಲ್ಲಿದಾಳೆ. ಭಾನುವಾರ ಫೋನ್ ಮಾಡ್ತಾಳೆ."

"ಮಾಡ್ತಾಳಾ."

ಅದು ಪ್ರಶ್ನೆಯಾಗಿರಲಿಲ್ಲ. ಪ್ರೆಸ್ಟನ್ ಮುಂದೆ ಬಂದು ಆ ಒಂದು ಮಾತನ್ನು ಫೋನಿಗೆ ಹಾಕಿಕೊಡುತ್ತೇನೆ, ಬೇಕಾದಾಗ ಕೇಳಬಹುದು ಎಂದ. ಮಿಸ್ ಅರ್ಜೆಲ್ಲಾ ಅವನ ಕೈ ತಟ್ಟಿದಳು.

"ಬೇಡ ಮಗಾ. ಅದ್ರಲ್ಲಿರೋ ಹೆಸ್ರು ನಂದಲ್ಲ."

ಅವಳು ಏಳಲು ಕುರ್ಚಿಯ ಕೈ ಹಿಡಿದಾಗ ವರ್ಲೀನ್ ಎಂದಿನಂತೆ ಕಾರಿನ ಬೀಗದ ಕೈಗೆ ತಡಕಾಡಿದಳು. ವಾರವೆಲ್ಲ ಅವಳೇ ಮನೆಗೆ ಬಿಟ್ಟುಬಂದಿದ್ದಳು.

"ನೀನ್ ಕೂತ್ಕೊ," ಎಂದಳು ಮಿಸ್ ಅರ್ಜೆಲ್ಲಾ, ಅವಳ ಕಡೆ ನೋಡದೆ. "ಲಿಯೋಟಿಸ್ ಬಿಡ್ತಾನೆ."

ಲಿಯೋಟಿಸ್ ಅವಳ ತೋಳು ಹಿಡಿದು ಓಣಿಯಲ್ಲಿ ನಡೆಸಿಕೊಂಡು ಹೋದ. ಓಣಿ ಕಿರಿದಾದ್ದರಿಂದ ಅವನು ಅಡ್ಡಡ್ಡ ನಡೆಯಬೇಕಾಯಿತು. ಮುಂಬಾಗಿಲು ಮುಚ್ಚಿತು. ಮೇಜಿನ ಮೇಲಿದ್ದ ಕೇಕನ್ನು ಯಾರೂ ಕತ್ತರಿಸಿರಲಿಲ್ಲ. ಪ್ರೆಸ್ಟನ್ ತಂತಿಗಳನ್ನು ಒಂದೊಂದಾಗಿ ಕಿತ್ತು ಸುತ್ತತೊಡಗಿದ.